ಗೋಳಗುಮ್ಮಟದಲ್ಲಿ ಕೂಗಬೇಡಿ, ಪಿಸುಗುಟ್ಟಿ



ದೀಪಾವಳಿಗೋ ಮೇ ತಿಂಗಳ ರಜೆಗೋ ತಂದೆತಾಯಿಯರ ಊರಿಗೆ ಹೋಗಿಬರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮುಂಬಯಿಯಿಂದ ರಾತ್ರಿ ಗಾಡಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸೊಲ್ಲಾಪುರ. ಅಲ್ಲಿಂದ ಮುಂದೆ ಬಸ್ಸು, ಅಜ್ಜಿಯ ಮನೆ, ಒಂದು ಮದುವೆ, ಒಂದು ಜವಳ, ಮತ್ತೆ ವಾಪಸು. ದಾರಿಯಲ್ಲಿ ವಿಜಯಪುರ ಬರುತ್ತದೆ. "ಅದೇ ನೋಡು ಗೋಳಗುಮ್ಮಟ" ಎಂದು ಅಪ್ಪ ಕಿಟಕಿಯಿಂದ ಬೆರಳು ತೋರಿಸುತ್ತಾರೆ, ನೀವು ಮೊಬೈಲಿನಿಂದ ತಲೆಯೆತ್ತಿ ನೋಡುತ್ತೀರಿ, ಗಾಡಿ ಮುಂದೆ ಸಾಗುತ್ತದೆ. ಈ ಸಲ ಹಾಗೆ ಮಾಡಬೇಡಿ. ಒಂದು ದಿನದ ಮಟ್ಟಿಗೆ ಅಲ್ಲಿ ಇಳಿದುಕೊಳ್ಳಿ.

ಆದಿಲಶಾಹಿಯ ಇತಿಹಾಸವನ್ನು ನಿಮಗೆ ಒಪ್ಪಿಸಲು ನಾನು ಹೊರಟಿಲ್ಲ. ಅದಕ್ಕೆ ಪುಸ್ತಕಗಳಿವೆ. ನೀವು ಎಂಟು, ಒಂಬತ್ತನೆಯ ಇಯತ್ತೆಯಲ್ಲಿ ವಿಜ್ಞಾನದ ಪುಸ್ತಕದಲ್ಲಿ ಒಂದು ಡೊಂಕು ಗೆರೆ ಎಳೆದು, ಅದರ ಎತ್ತರಕ್ಕೆ 'ಆಂಪ್ಲಿಟ್ಯೂಡ್' ಎಂದು ಹೆಸರು ಬರೆದು ಎರಡು ಮಾರ್ಕು ತೆಗೆದುಕೊಂಡು ಮರೆತಿದ್ದೀರಲ್ಲ, ಆ ಗೆರೆಯನ್ನು ಕಿವಿಯಿಂದ ಕೇಳಿ ತಿಳಿಯಬಹುದಾದ ಜಾಗ ನಮ್ಮ ನಾಡಿನಲ್ಲಿಯೇ ಇದೆ ಎಂದು ಹೇಳುವುದಕ್ಕೆ ಈ ಲೇಖನ.

ಸೊಲ್ಲಾಪುರದಿಂದ ವಿಜಯಪುರಕ್ಕೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಟಾಕಳಿಯ ಹತ್ತಿರ ಭೀಮಾ ನದಿಯ ಸೇತುವೆ ದಾಟಿದರೆ ಧೂಳಖೇಡ, ಅಂದರೆ ಕರ್ನಾಟಕ. ಬೋರ್ಡುಗಳ ಲಿಪಿ ಅಲ್ಲಿ ಒಮ್ಮೆಲೇ ಬದಲಾಗುತ್ತದೆ. ಜನರ ಮಾತು ಮಾತ್ರ ಹಾಗೆ ಬದಲಾಗುವುದಿಲ್ಲ. ನದಿಯ ಆಚೆಗೂ ಕನ್ನಡವಿದೆ, ಈಚೆಗೂ ಮರಾಠಿಯಿದೆ. ಮುಂಬಯಿಯಲ್ಲಿ ಬೆಳೆದ ನಿಮಗೆ ಈ ಭಾಗದ ಮಾತು ಮೈಸೂರು, ಬೆಂಗಳೂರಿನ ಮಾತಿಗಿಂತ ಬೇಗ ಹತ್ತಿರವಾದರೆ ಆಶ್ಚರ್ಯವಿಲ್ಲ. ಎರಡೂ ಕಡೆ ಎರೆಭೂಮಿ, ಬಿಳಿಜೋಳ, ತೊಗರಿ, ಅಲ್ಲಲ್ಲಿ ದ್ರಾಕ್ಷಿ ತೋಟ. ನೆಲ ಸಪಾಟು. ಆದ್ದರಿಂದಲೇ ಗುಮ್ಮಟ ಬಹಳ ದೂರದಿಂದ ಕಾಣುತ್ತದೆ. ಊರಿಗಿಂತ ಮೊದಲು ಅದೇ ಬರುತ್ತದೆ. (ಊರಿನ ಹೆಸರು 2014ರ ನವೆಂಬರಿನಲ್ಲಿ ಅಧಿಕೃತವಾಗಿ ಬಿಜಾಪುರದಿಂದ ವಿಜಯಪುರವಾಯಿತು. ನಿಮ್ಮ ಅಜ್ಜಿ ಇನ್ನೂ ಬಿಜಾಪುರ ಎಂದರೆ ತಿದ್ದಲು ಹೋಗಬೇಡಿ.)

ಆವರಣದೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಗುಮ್ಮಟವಲ್ಲ, ನಗಾರಖಾನೆ. ನಗಾರಿ ಬಾರಿಸುವವರಿಗಾಗಿ ಕಟ್ಟಿದ್ದು. ಈಗ ಅದರಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಒಳಗೆ ಹೋಗುವ ಮೊದಲು ಅದರ ನೆರಳಿನಲ್ಲಿ ಐದು ನಿಮಿಷ ನಿಂತು ನಗಾರಿಯ ಬಗ್ಗೆಯೇ ಯೋಚಿಸಿ. ಪಿಸುಮಾತು ಕೇಳಿಸುವ ಮನೆಯ ಮುಂದೆ ಅತಿ ದೊಡ್ಡ ಸದ್ದಿನ ಮನೆ ಇದೆ ಎನ್ನುವುದು ನನಗಂತೂ ಪ್ರತಿಸಲವೂ ಮೋಜೆನಿಸುತ್ತದೆ.

ನಗಾರಿಯ ಚರ್ಮದ ಮೇಲೆ ನಾಲ್ಕು ಜೋಳದ ಕಾಳು ಇಟ್ಟು ಮೆಲ್ಲಗೆ ತಟ್ಟಿದರೆ ಕಾಳು ಅಲ್ಲಾಡುತ್ತವೆ. ಜೋರಾಗಿ ಬಾರಿಸಿದರೆ ಹಾರಿ ಬೀಳುತ್ತವೆ. ಚರ್ಮ ಮೇಲೆ ಕೆಳಗೆ ಆಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಸುಮ್ಮನಿದ್ದಾಗ ಚರ್ಮ ಎಲ್ಲಿರುತ್ತದೋ ಅಲ್ಲಿಂದ ಒಂದು ಕಡೆಗೆ ಎಷ್ಟು ದೂರ ಸರಿಯುತ್ತದೆ ಎಂಬುದೇ ಆಂಪ್ಲಿಟ್ಯೂಡ್. ಕನ್ನಡದ ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಪಾರ' ಎನ್ನುತ್ತಾರೆ, ಕೆಲವರು 'ಕಂಪನದ ವಿಸ್ತಾರ' ಎಂದು ಬರೆಯುತ್ತಾರೆ. ಹಿಂದಿಯಲ್ಲಿ ಓದಿದವರು 'ಆಯಾಮ್' ಎಂದು ಕಲಿತಿರುತ್ತಾರೆ, ಕನ್ನಡದಲ್ಲಿ ಆಯಾಮಕ್ಕೆ ಬೇರೆಯೇ ಅರ್ಥ. ಎಚ್ಚರಿಕೆಯಿರಲಿ: ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಅಳೆದರೆ ಅದು ಪಾರದ ಎರಡು ಪಟ್ಟು ಆಗುತ್ತದೆ. ಪರೀಕ್ಷೆಯಲ್ಲಿ ಮಾರ್ಕು ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಬಡಿಗೆಯನ್ನು ಜೋರಾಗಿ ಹೊಡೆದರೆ ಹೆಚ್ಚಾಗುವುದು ಪಾರ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಎಂಬ ಲೆಕ್ಕ, ಅಂದರೆ ಆವೃತ್ತಿ, ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ತಂಬೂರಿಯ ತಂತಿಯನ್ನು ಮೆಲ್ಲಗೆ ಮೀಟಿದರೂ ಬಲವಾಗಿ ಮೀಟಿದರೂ ಷಡ್ಜ ಷಡ್ಜವೇ. ದನಿ ಸಣ್ಣದಾಗುತ್ತದೆ, ದೊಡ್ಡದಾಗುತ್ತದೆ, ಅಷ್ಟೆ. ನಮ್ಮ ಮಾತಿನಲ್ಲಿಯೇ ಈ ವಿಜ್ಞಾನ ಅಡಗಿದೆ ನೋಡಿ. 'ದೊಡ್ಡ ದನಿ', 'ಸಣ್ಣ ದನಿ' ಎನ್ನುತ್ತೇವೆ. ಅಲೆಯ ಗಾತ್ರಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಸಿಟ್ಟು ಬಂದಾಗ 'ದನಿ ಏರಿಸಬೇಡ' ಎನ್ನುವಾಗ ಮಾತ್ರ ಗಾತ್ರವನ್ನೂ ಸ್ಥಾಯಿಯನ್ನೂ ಕಲಸಿಬಿಡುತ್ತೇವೆ.

ಇನ್ನು ಗಾಳಿ. ಬೆಳಿಗ್ಗೆ ಎಂಟೂವರೆಯ ಲೋಕಲ್ ಗಾಡಿಯಲ್ಲಿ ಬಾಗಿಲ ಬಳಿ ಒಬ್ಬ ತಳ್ಳಿದರೆ ಆ ತಳ್ಳು ಒಬ್ಬರಿಂದ ಒಬ್ಬರಿಗೆ ದಾಟಿ ಒಳಗಿನ ಕಿಟಕಿಯವನನ್ನು ಮುಟ್ಟುತ್ತದೆ. ಆದರೆ ತಳ್ಳಿದವನು ಕಿಟಕಿಯ ಬಳಿಗೆ ಹೋಗಿರುವುದಿಲ್ಲ. ಗಾಳಿಯ ಕಣಗಳೂ ಹೀಗೆಯೇ. ತಮ್ಮ ಜಾಗದಲ್ಲೇ ಹಿಂದೆ ಮುಂದೆ ಆಡಿ ತಳ್ಳನ್ನು ಮುಂದಿನವಕ್ಕೆ ದಾಟಿಸುತ್ತವೆ. ಆ ಆಟ ಎಷ್ಟು ಅಲ್ಪ ಎಂದು ತಿಳಿದರೆ ದಂಗಾಗುತ್ತೀರಿ. ಆರೋಗ್ಯವಂತ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿನಲ್ಲಿ, ಸೆಕೆಂಡಿಗೆ 1000 ಕಂಪನಗಳ ಸ್ವರವಾದರೆ, ಗಾಳಿ ಸರಿಯುವುದು ಒಂದು ಪರಮಾಣುವಿನ ಅಗಲದ ಸುಮಾರು ಹತ್ತನೆಯ ಒಂದು ಭಾಗ. ಕಿವಿ ನೋಯುವಷ್ಟು ದೊಡ್ಡ ಸದ್ದಿನಲ್ಲಿಯೂ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ, ಅಷ್ಟೆ. ಇವೆರಡರ ನಡುವೆ ಹತ್ತು ಲಕ್ಷ ಪಟ್ಟು ಅಂತರ. ಈ ಇಡೀ ಹರವನ್ನು ನಿಮ್ಮ ಕಿವಿ ಒಂದೇ ಸಲಕರಣೆಯಿಂದ ಅಳೆಯುತ್ತದೆ. ಅಂಥ ತಕ್ಕಡಿಯನ್ನು ಯಾವ ಅಕ್ಕಸಾಲಿಗನೂ ಇಟ್ಟುಕೊಂಡಿಲ್ಲ.

ಈಗ ಒಳಗೆ ಹೋಗೋಣ.

1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಹನ ಸಮಾಧಿ ಇದು. ನಟ್ಟನಡುವೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಷ್ಟೆ, ನಿಜವಾದವು ನೆಲಮಾಳಿಗೆಯಲ್ಲಿವೆ. ಕಟ್ಟಡದ ಪ್ರತಿ ಬದಿ ಸುಮಾರು 47 ಮೀಟರ್, ಒಳಗೆ ಒಂದೇ ಒಂದು ಕಂಬವಿಲ್ಲ. ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟ ಕೂರಬೇಕಲ್ಲ, ಅದಕ್ಕೆ ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಇದು ಪ್ರಪಂಚದಲ್ಲಿಯೇ ಎರಡನೆಯ ದೊಡ್ಡ ಗುಮ್ಮಟ ಎಂದು ಗೈಡುಗಳು ಹೇಳುತ್ತಾರೆ. ಇಂದಿನ ಕ್ರೀಡಾಂಗಣಗಳ ಉಕ್ಕಿನ ಛಾವಣಿಗಳನ್ನು ಲೆಕ್ಕಕ್ಕೆ ಹಿಡಿದರೆ ಆ ಮಾತು ನಿಲ್ಲುವುದಿಲ್ಲ. ಆದರೆ ಕಲ್ಲು, ಇಟ್ಟಿಗೆ, ಗಾರೆಯಿಂದ ಎದ್ದ ಹಳೆಯ ಗುಮ್ಮಟಗಳಲ್ಲಿ ಇದರ ಸರಿಸಾಟಿಯಾದವು ಬೆರಳೆಣಿಕೆಯಷ್ಟು. ನನಗೆ ಅಷ್ಟು ಸಾಕು.

ಮೂಲೆಯ ಏಳು ಅಂತಸ್ತಿನ ಗೋಪುರದ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಮಾಳಿಗೆಗೆ ಬಂದು, ಅಲ್ಲಿಂದ ಚಿಕ್ಕ ಬಾಗಿಲಲ್ಲಿ ತಲೆತಗ್ಗಿಸಿ ನುಗ್ಗಿದರೆ ಗುಮ್ಮಟದ ಬುಡಕ್ಕೆ ಸುತ್ತಲೂ ಹಾಸಿದ ಗ್ಯಾಲರಿ. ಅಗಲ ಮೂರು ಮೀಟರಿಗೆ ತುಸು ಹೆಚ್ಚು. ಕೆಳಗೆ ನೋಡಿದರೆ ನೆಲ ಸುಮಾರು 33 ಮೀಟರ್ ಆಳದಲ್ಲಿ. ತಲೆ ತಿರುಗುವವರು ಗೋಡೆಯ ಕಡೆಯೇ ಇರಿ. ಹೇಗಿದ್ದರೂ ಕೆಲಸವಿರುವುದು ಗೋಡೆಯ ಹತ್ತಿರವೇ.

ಬಂದವರೆಲ್ಲ ಮೊದಲು ಮಾಡುವ ಕೆಲಸ ಕೂಗುವುದು. "ಓ" ಎನ್ನುತ್ತಾರೆ, ಸಿಳ್ಳೆ ಹಾಕುತ್ತಾರೆ, ತಮ್ಮ ಹೆಸರನ್ನು ತಾವೇ ಕರೆಯುತ್ತಾರೆ. ಏಳು ಸಲ ಮರುದನಿಸುತ್ತದೆ ಎನ್ನುತ್ತಾರೆ, ಹತ್ತು ಎನ್ನುವವರೂ ಇದ್ದಾರೆ. ಎಣಿಸುವ ಹುಕಿ ಇದ್ದರೆ ಹೆಸರು ಕೂಗಬೇಡಿ, ಒಂದೇ ಒಂದು ಚಪ್ಪಾಳೆ ತಟ್ಟಿ. ಯಾಕೆಂದರೆ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. "ವಿಜಯಪುರ" ಎಂದು ನೀವು ಕೂಗಿದರೆ 'ಜ' ಬಾಯಿಂದ ಬರುವಾಗಲೇ 'ವಿ' ಮರಳಿ ಬಂದಿರುತ್ತದೆ, ಎಲ್ಲ ಕಲಸುಮೇಲೋಗರ. ಚಪ್ಪಾಳೆ ಚಿಕ್ಕದು, ಆದ್ದರಿಂದ ಬಿಡಿಬಿಡಿಯಾಗಿ ಮರಳುತ್ತದೆ. ಕಿವಿಗೊಟ್ಟು ಕೇಳಿ: ಅದೇ ಚಪ್ಪಾಳೆ, ಆದರೆ ಒಂದಕ್ಕಿಂತ ಒಂದು ಸಣ್ಣದು. ಗೋಡೆ ಪ್ರತಿಸಲವೂ ಸ್ವಲ್ಪ ಶಕ್ತಿಯನ್ನು ನುಂಗಿಕೊಂಡು ಉಳಿದದ್ದನ್ನು ಮರಳಿಸುತ್ತದೆ. ನೀವು ಪಟ್ಟಿಯಲ್ಲಿ ಎಳೆದಿದ್ದ ಡೊಂಕು ಗೆರೆಯ ಎತ್ತರ ಕಡಿಮೆಯಾಗುತ್ತ ಹೋಗುವುದು ಎಂದರೆ ಇದೇ.

ಆದರೆ ಈ ಕೂಗಾಟ ಗುಮ್ಮಟದ ಅಗ್ಗದ ಆಟ. ಅದರ ನಿಜವಾದ ಸೋಜಿಗ ಬೇರೆಯದು. ಅಲ್ಲಿನ ಒಬ್ಬ ಗೈಡ್ ನಮಗೆ ಹೇಳಿದ್ದು: "ಗೋಡಿಗೆ ಬಾಯಿ ಹಚ್ಚಿ ಸಣ್ಣಂಗ ಮಾತಾಡ್ರಿ. ಒದರಬ್ಯಾಡ್ರಿ." ನಿಮ್ಮ ಜೊತೆಗಾರರನ್ನು ಸರಿಯಾಗಿ ಎದುರು ಬದಿಗೆ ಕಳಿಸಿ. ಅವರು ಗೋಡೆಗೆ ಕಿವಿ ಹತ್ತಿರ ತರಲಿ. ನೀವು ಗೋಡೆಯ ಕಡೆ ಮುಖ ಮಾಡಿ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಏನಾದರೂ ಪಿಸುಗುಟ್ಟಿ. 38 ಮೀಟರ್ ಆಚೆ ನಿಂತವರು ನಗುತ್ತಾರೆ.

ಇದು ಹೇಗೆ? ಬಯಲಿನಲ್ಲಿ ಮಾತು ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ, ಉಬ್ಬುತ್ತ ಹೋಗುವ ಬಲೂನಿನ ಹಾಗೆ. ಬಾಯಿಂದ ಹೊರಟ ಶಕ್ತಿ ಅಷ್ಟೇ, ಬಲೂನಿನ ಮೈ ಮಾತ್ರ ದೊಡ್ಡದಾಗುತ್ತ ಹೋಗುತ್ತದೆ. ದೂರ ಎರಡರಷ್ಟಾದರೆ ಪಾರ ಅರ್ಧಕ್ಕೆ ಇಳಿಯುತ್ತದೆ. 38 ಮೀಟರ್ ಹೋದರೆ, ಒಂದು ಮೀಟರ್ ದೂರದಲ್ಲಿದ್ದುದರ 38ನೆಯ ಒಂದು ಭಾಗ. ಪಿಸುಮಾತು ಅಷ್ಟು ಇಳಿದರೆ ಕಿವಿಗೆ ಸಿಗುವ ಕೊನೆಯ ಮಿತಿಗೆ ಬಂದು ಮುಟ್ಟುತ್ತದೆ, ಅಂದರೆ ಇಲ್ಲದ ಲೆಕ್ಕ. ಗುಮ್ಮಟದ ಬಾಗಿದ ಗೋಡೆ ಸದ್ದನ್ನು ಹಾಗೆ ಹರಡಿಹೋಗಲು ಬಿಡುವುದಿಲ್ಲ. ಸದ್ದು ಗೋಡೆಗೆ ಸವರಿದಂತೆ ತಗಲುತ್ತದೆ, ಗೋಡೆ ಬಾಗಿರುವುದರಿಂದ ಮತ್ತೆ ತಗಲುತ್ತದೆ, ಹೀಗೆ ಗೋಡೆಯ ಮೈಗೆ ಅಂಟಿಕೊಂಡೇ ತೆವಳುತ್ತದೆ. ಬಲೂನಿನ ಹಾಗೆ ಹರಡದೆ ಕೆರೆಯ ನೀರಿನ ಮೇಲಿನ ಉಂಗುರದ ಹಾಗೆ ಮೈಮೇಲಷ್ಟೇ ಹರಡುತ್ತದೆ. ಗೋಡೆಗುಂಟ ಅರ್ಧ ಸುತ್ತು ಸುಮಾರು 60 ಮೀಟರ್. ಗೋಡೆ ನುಂಗುವುದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹೀಗೆ ಹೋದ ಸದ್ದಿನ ಪಾರ ಎಂಟನೆಯ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ದೂರ ಹೆಚ್ಚು, ನಷ್ಟ ಕಡಿಮೆ! ಸಾಲದ್ದಕ್ಕೆ ಗುಮ್ಮಟ ಅರ್ಧಗೋಲದಂತಿರುವುದರಿಂದ ಮೇಲಿನಿಂದ ಹತ್ತಿಳಿದ ಅಲೆಗಳೂ, ಪಕ್ಕದಿಂದ ಸುತ್ತಿ ಬಂದ ಅಲೆಗಳೂ ಒಂದೇ ದೂರ ನಡೆದು ಸರಿಯಾಗಿ ಎದುರು ಬದಿಯಲ್ಲಿ ಮತ್ತೆ ಕೂಡುತ್ತವೆ.

ಈ ಕೊನೆಯ ಮಾತನ್ನೇ ಹಿಡಿದು 19ನೆಯ ಶತಮಾನದಲ್ಲಿ ಜಾರ್ಜ್ ಏರಿ ಎಂಬ ಇಂಗ್ಲಿಷ್ ಖಗೋಳವಿಜ್ಞಾನಿ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗ್ಯಾಲರಿಯನ್ನು ವಿವರಿಸಿದ್ದ. ಹಾಗಿದ್ದರೆ ಸರಿಯಾಗಿ ಎದುರಿಗೆ ಮಾತ್ರ ಕೇಳಿಸಬೇಕಲ್ಲ, ಗೋಡೆಗುಂಟ ಎಲ್ಲೆಲ್ಲಿಯೂ ಕೇಳಿಸುತ್ತದಲ್ಲ ಎಂದು ಆಕ್ಷೇಪವೆತ್ತಿದವನು ಲಾರ್ಡ್ ರೇಲೀ. ಸದ್ದು ಗೋಡೆಗುಂಟ ತೆವಳುತ್ತದೆ ಎಂದು ಹೇಳಿದವನೂ ಅವನೇ. ಬಾಗಿಸಿದ ಸತುವಿನ ತಗಡಿನ ಒಂದು ತುದಿಯಲ್ಲಿ ಕೀಚಲು ಸೀಟಿ, ಇನ್ನೊಂದು ತುದಿಯಲ್ಲಿ ಸದ್ದಿಗೆ ನಡುಗುವ ದೀಪದ ಉರಿ ಇಟ್ಟು, ನಡುವೆ ತಗಡಿಗೆ ಒತ್ತಿ ಒಂದು ಕಿರುಹಲಗೆ ಹಿಡಿದ. ಅಷ್ಟಕ್ಕೇ ಉರಿ ಸುಮ್ಮನಾಯಿತು. ಸದ್ದು ಹೋಗುತ್ತಿದ್ದುದು ನಡುವಿನ ಬಯಲಲ್ಲಲ್ಲ, ಗೋಡೆಯ ಪಕ್ಕದ ಇಕ್ಕಟ್ಟಾದ ಓಣಿಯಲ್ಲಿ.

1921ರಲ್ಲಿ ಕಲಕತ್ತೆಯಿಂದ ಲಂಡನ್ನಿಗೆ ಹೋಗಿದ್ದ ಸಿ. ವಿ. ರಾಮನ್ ಸೇಂಟ್ ಪಾಲ್ಸಿನ ಗ್ಯಾಲರಿಯಲ್ಲಿ ಸದರ್ಲೆಂಡ್ ಎಂಬವರ ಜೊತೆ ಪ್ರಯೋಗ ಮಾಡಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ರೇಲೀ ಹೇಳಿದಂತೆ ಸದ್ದು ಗೋಡೆಯಿಂದ ದೂರ ಸರಿದಂತೆ ಒಂದೇ ಸಮನೆ ಕುಗ್ಗುವುದಿಲ್ಲ, ನಡುನಡುವೆ ದೊಡ್ಡದು ಚಿಕ್ಕದು ಆಗುತ್ತದೆ ಎಂದು ಅವರು ಕಂಡುಕೊಂಡರು. ಆಮೇಲೆ ನಮ್ಮ ದೇಶದ ಇಂಥ ಕಟ್ಟಡಗಳನ್ನೂ ಪರಿಶೀಲಿಸಿದರು. ಅವುಗಳಲ್ಲಿ ನಮ್ಮ ಗೋಳಗುಮ್ಮಟವೂ ಒಂದು. ಅದೇ ಲಂಡನ್ ಪ್ರವಾಸದಿಂದ ಹಡಗಿನಲ್ಲಿ ಮರಳುವಾಗ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಕಡೆಗೆ ಎಳೆಯಿತು, 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ಬೆಂಗಳೂರಿಗೆ ಬಂದರು. ಆ ಕಥೆ ನಿಮಗೆ ಗೊತ್ತು. ಅದರ ಹಿಂದೆ ಗೋಡೆಗೆ ಕಿವಿಗೊಟ್ಟು ನಿಂತ ರಾಮನ್ ಒಬ್ಬರಿದ್ದರು ಎಂಬುದು ಅಷ್ಟಾಗಿ ಗೊತ್ತಿರಲಾರದು.

ಇಲ್ಲಿ ನಿಮಗೆ ಡೆಸಿಬೆಲ್ಲಿನ ಪರಿಚಯ ಬೇಕಾಗುತ್ತದೆ, ಬೇಗ ಮುಗಿಸುತ್ತೇನೆ. ಹತ್ತು ಲಕ್ಷ ಪಟ್ಟಿನ ಅಂತರವನ್ನು ಸಾಮಾನ್ಯ ಅಂಕಿಗಳಲ್ಲಿ ಬರೆಯುವುದು ಕಷ್ಟವಾದ್ದರಿಂದ ಮಾಡಿಕೊಂಡ ಏಣಿ ಇದು. ಕೇಳಿಸುವ ಅತಿ ಸಣ್ಣ ಸದ್ದಿನ ಮಟ್ಟ 0. ಪಿಸುಮಾತು ಸುಮಾರು 30, ಮನೆಮಾತು 60, ನೋವಿನ ಮಟ್ಟ 120ರ ಆಸುಪಾಸು. 60 ಎಂದರೆ 30ರ ಎರಡರಷ್ಟು ಎಂದು ತಿಳಿಯಬೇಡಿ. ಏಣಿಯಲ್ಲಿ 20 ಮೆಟ್ಟಿಲು ಹತ್ತಿದರೆ ಪಾರ 10 ಪಟ್ಟು. ಸದ್ದು ಹೊತ್ತು ತರುವ ಶಕ್ತಿ ಪಾರದ ವರ್ಗಕ್ಕೆ ಅನುಗುಣವಾದದ್ದರಿಂದ ಅದು 100 ಪಟ್ಟು. ಪಿಸುಮಾತಿಗಿಂತ ಮನೆಮಾತಿನ ಪಾರ ಸುಮಾರು 32 ಪಟ್ಟು, ಶಕ್ತಿ 1000 ಪಟ್ಟು. ಆದರೆ ಕಿವಿಗೆ? ಹತ್ತು ಡೆಸಿಬೆಲ್ ಹೆಚ್ಚಾದರೆ 'ಎರಡರಷ್ಟು ದೊಡ್ಡದು' ಎಂದಷ್ಟೇ ಅನಿಸುತ್ತದೆ. ಪಾರ ಗಾಳಿಯಲ್ಲಿರುವುದು, ಸದ್ದಿನ ಗಟ್ಟಿತನ ನಮ್ಮೊಳಗೆ ಆಗುವುದು. ಇವೆರಡೂ ನಂಟರೇ ಹೊರತು ಒಂದೇ ಅಲ್ಲ. ಶಕ್ತಿ ಹತ್ತು ಪಟ್ಟಾದಾಗ ಎರಡು ಪಟ್ಟು ಎಂದು ಹೇಳುವ ಕಿವಿ ತನಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡಿ ಹೇಳುತ್ತದೆ. ಅಪಾಯವಿರುವುದು ಅಲ್ಲಿ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಕಾಕಾನಿಂದ ಕಲಿತದ್ದು ಹೆಚ್ಚು. ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯ ನೇಯ್ಗೆ ಖಾತೆಯಲ್ಲಿ ಅವರು ಮೂವತ್ತು ವರ್ಷ ದುಡಿದರು. ಮಗ್ಗಗಳ ನಡುವೆ ಸದ್ದು 95ರಿಂದ 100 ಡೆಸಿಬೆಲ್ ಇರುವುದು ಸಾಮಾನ್ಯ. ಅಂದರೆ ಮನೆಮಾತಿಗಿಂತ ನೂರು ಪಟ್ಟಿನ ಹತ್ತಿರದ ಪಾರ, ದಿನಕ್ಕೆ ಎಂಟು ತಾಸು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅದು ತಡೆಯುವುದು ಅಷ್ಟಕ್ಕಷ್ಟೆ. ಮಗ್ಗದವರು ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ, ತುಟಿ ನೋಡಿ ಮಾತಾಡುತ್ತಿದ್ದರು. ಮನೆಗೆ ಬಂದರೆ ಕಾಕಾ ಜೋರಾಗಿ ಮಾತಾಡುವರು. ಹೊಸದಾಗಿ ಮನೆಗೆ ಬಂದ ಸೊಸೆಯಂದಿರು ಅವರನ್ನು ಸಿಡುಕರು ಎಂದೇ ತಿಳಿದಿದ್ದರು. ತಮ್ಮ ದನಿಯ ಗಾತ್ರ ಅವರಿಗೇ ತಿಳಿಯುತ್ತಿರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಅವರನ್ನೂ ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆವು. ಮೆಟ್ಟಿಲು ಹತ್ತುವುದರಲ್ಲಿ ನನಗಿಂತ ಅವರೇ ಮುಂದು. ಬೆಳಗಿನ ಹೊತ್ತು, ಗ್ಯಾಲರಿಯಲ್ಲಿ ನಾವಲ್ಲದೆ ಇನ್ನಿಬ್ಬರೋ ಮೂವರೋ. ಆಗ ಏಳನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಎದುರು ಬದಿಗೆ ಓಡಿದಳು. ಕಾಕಾ ಗೋಡೆಗೆ ಕಿವಿಯಿಟ್ಟು ನಿಂತರು. ನಾನು ಅವರ ಪಕ್ಕದಲ್ಲಿ. "ಅಜ್ಜಾ, ನಿನ್ನ ಕಿಸೆದಾಗ ಏನೈತಿ?" ಎಂದು ಅವಳು ಪಿಸುಗುಟ್ಟಿದ್ದು ನನಗೆ ನನ್ನ ಭುಜದ ಮೇಲಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿಸಿತು. ಮತ್ತೊಮ್ಮೆ ಕೇಳಿದಳು. ಕಾಕಾ ಹಾಗೆಯೇ ನಿಂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಹುಡುಗಿ ಇನ್ನೂ ಯಾಕ ಮಾತಾಡವಲ್ಲಳೋ?" ಎಂದರು.

ನಾನು ಕೈಮಾಡಿ ಅವಳಿಗೆ ಹೇಳಿದೆ, ಪಿಸುಗುಟ್ಟಬೇಡ, ದನಿ ತೆಗೆದು ಮಾತಾಡು ಎಂದು. ಅವಳು ಎಂದಿನ ದನಿಯಲ್ಲಿ ನಿಧಾನವಾಗಿ "ಅಜ್ಜಾ" ಎಂದಳು. ಕಾಕಾನ ಮುಖ ಅರಳಿತು. "ಈಗ ಬಂತು" ಎಂದರು.

ಇದರ ಹಿಂದಿನ ಕಾರಣವನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ. ಬರುವುದು ಉಸಿರಿನ ಸುಯ್ ಎನ್ನುವ ಸದ್ದು ಮಾತ್ರ, ಅದರಲ್ಲಿ ಹೆಚ್ಚು ಆವೃತ್ತಿಯ ಅಲೆಗಳೇ ಹೆಚ್ಚು. ಗೋಡೆಗುಂಟ ತೆವಳುವುದರಲ್ಲಿಯೂ ಅಂಥ ಕಿರಿದಾದ ಅಲೆಗಳೇ ಚುರುಕು. ಆದ್ದರಿಂದ ಗುಮ್ಮಟಕ್ಕೆ ಪಿಸುಮಾತು ಒಗ್ಗುತ್ತದೆ. ದೊಡ್ಡ ಸದ್ದಿನಲ್ಲಿ ದುಡಿದ ಕಿವಿ ಮೊದಲು ಕಳೆದುಕೊಳ್ಳುವುದೂ ಅದನ್ನೇ, ಸೆಕೆಂಡಿಗೆ ಸುಮಾರು 4000 ಕಂಪನಗಳ ಸುತ್ತಿನ ಸದ್ದನ್ನು. ಒಳಗಿವಿಯಲ್ಲಿ ಅಲೆಯನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ. ಹುಟ್ಟುವಾಗ ಬಂದಷ್ಟೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. 'ಸ', 'ಶ', 'ತ', 'ಕ' ಮುಂತಾದ ವ್ಯಂಜನಗಳ ಗುರುತು ಆ ಮೇಲಿನ ಆವೃತ್ತಿಗಳಲ್ಲೇ ಇರುವುದರಿಂದ ಇಂಥವರಿಗೆ ಸದ್ದು ತಲುಪುತ್ತದೆ, ಮಾತು ಬಿಡಿಸಿ ಬರುವುದಿಲ್ಲ. ಕಾಕಾ ರೇಡಿಯೋದ ಬಗ್ಗೆ ಹೇಳುತ್ತಿದ್ದುದು ಇದನ್ನೇ: "ಕೇಳಸ್ತೈತಿ, ತಿಳಿಯೂದಿಲ್ಲ." ಮನೆಯವರು ಕೂಗಿ ಹೇಳಿದರೆ ಸ್ವರಗಳು ದೊಡ್ಡದಾಗುತ್ತವೆಯೇ ಹೊರತು ಕಳೆದುಹೋದ ವ್ಯಂಜನಗಳು ಮರಳಿ ಬರುವುದಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥ ಅಜ್ಜನೋ ಮಾಮನೋ ಇದ್ದರೆ ಕೂಗಬೇಡಿ. ಎದುರಿಗೆ ಬನ್ನಿ, ಮುಖ ಕಾಣುವಂತೆ ನಿಂತು ನಿಧಾನವಾಗಿ ಮಾತಾಡಿ.

ಕಾಕಾನಿಗೆ ಬೇರೆ ದಾರಿಯಿರಲಿಲ್ಲ, ಹೊಟ್ಟೆಪಾಡು. ನಿಮ್ಮಲ್ಲಿ ಕೆಲವರು ಅದೇ ಸದ್ದನ್ನು ಕಾಸು ಕೊಟ್ಟು ಕೊಂಡು ಕಿವಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದೀರಿ. ಲೋಕಲ್ ಗಾಡಿಯ ಗದ್ದಲದಲ್ಲಿ ಹಾಡು ಕೇಳಬೇಕೆಂದರೆ ಹಾಡಿನ ಪಾರ ಗದ್ದಲದ ಪಾರವನ್ನು ಮೀರಲೇಬೇಕು, ಬೆರಳು ತಾನಾಗಿ ಮೇಲಕ್ಕೆ ಹೋಗುತ್ತದೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಟ್ಟುಕೊಂಡ ಲೆಕ್ಕ ಹೀಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ 8 ತಾಸು, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 88ಕ್ಕೆ 4 ತಾಸು, 91ಕ್ಕೆ 2 ತಾಸು, ಹೀಗೆ ಇಳಿದು 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಕಾಕಾನ ಎಂಟು ತಾಸನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಗಣಪತಿ ಮೆರವಣಿಗೆಯಲ್ಲಿ ಸ್ಪೀಕರುಗಳ ಗೋಡೆಯ ಮುಂದೆ ನೀವು ಕುಣಿದ ತಾಸುಗಳನ್ನೂ ಇಡಿ. ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಇದನ್ನು ಓದಿ ನೀವು ನಕ್ಕರೆ ನಾನೂ ನಿಮ್ಮ ಜೊತೆ ನಗುತ್ತೇನೆ, ಆದರೆ ನಿಯಮ ಇದೆ ಎಂದು ಗೊತ್ತಿರಲಿ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಗ್ಯಾಲರಿಯಲ್ಲಿ ಹತ್ತು ಜನ ಒದರುತ್ತಿದ್ದರೆ ಪಿಸುಮಾತು ಅದರಡಿ ಹೂತುಹೋಗುತ್ತದೆ. ಗೋಡೆ ಅದನ್ನು ತಂದುಕೊಟ್ಟರೂ ಕಿವಿಗೆ ಬಿಡಿಸಿಕೊಳ್ಳಲಾಗುವುದಿಲ್ಲ. ಹೊಸಬರು ಬಂದು ಕೂಗಲು ಬಾಯಿ ತೆರೆದರೆ, ಸಿಟ್ಟಾಗದೆ, ಗೋಡೆಯ ಆಟವನ್ನು ಅವರಿಗೂ ತೋರಿಸಿಕೊಡಿ. ತಾವಾಗಿ ಸುಮ್ಮನಾಗುತ್ತಾರೆ. ಮೊದಲು ಗೋಡೆಯಿಂದ ಗೇಣು ದೂರದಲ್ಲಿ ಕಿವಿಯಿಟ್ಟು ಕೇಳಿ. ಆಮೇಲೆ ಒಂದೊಂದೇ ಹೆಜ್ಜೆ ಕಠಡೆಯ ಕಡೆ ಸರಿಯುತ್ತ ಕೇಳಿ, ಮಾತು ಎಲ್ಲಿ ತಪ್ಪಿಹೋಗುತ್ತದೆ ನೋಡಿ. ಎದುರಿಗಿರುವವರು ಗೋಡೆಗುಂಟ ಹತ್ತು ಹೆಜ್ಜೆ ಪಕ್ಕಕ್ಕೆ ಸರಿಯಲಿ, ಏರಿ ಸರಿಯೋ ರೇಲೀ ಸರಿಯೋ ನೀವೇ ತೀರ್ಮಾನಿಸಿ. ಮನೆಯ ಹಿರಿಯರನ್ನು ಕರೆದೊಯ್ದರೆ ಪಿಸುಮಾತು ಅವರಿಗೆ ಬರುತ್ತದೋ ಇಲ್ಲವೋ ಗಮನಿಸಿ. ಬಾರದಿದ್ದರೆ ಅಲ್ಲಿ ತಮಾಷೆ ಮಾಡದೆ, ಊರಿಗೆ ಮರಳಿದ ಮೇಲೆ ಕಿವಿಯ ಡಾಕ್ಟರ ಹತ್ತಿರ ಒಂದು ಪರೀಕ್ಷೆ ಮಾಡಿಸಿ. ನಾವು ಹಾಗೆಯೇ ಮಾಡಿದೆವು, ಕಾಕಾನಿಗೆ ಕಿವಿಯ ಯಂತ್ರ ಬಂತು. ಅದನ್ನು ಹಾಕಿಕೊಳ್ಳಲು ಅವರು ಒಪ್ಪಿದ್ದು ಮಾತ್ರ ಆರು ತಿಂಗಳ ಮೇಲೆ.

ಹನ್ನೊಂದರ ಸುಮಾರಿಗೆ ಶಾಲೆಯ ಮಕ್ಕಳ ಬಸ್ಸುಗಳು ಬರತೊಡಗುತ್ತವೆ. ಅಷ್ಟರೊಳಗೆ ಇಳಿದುಬಿಡಿ. ಊರಿನ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಇದೆ. ಮಹಮ್ಮದನ ತಂದೆ, ಸಂಗೀತಪ್ರಿಯನಾಗಿ 'ಕಿತಾಬ್-ಇ-ನೌರಸ್' ಬರೆದ ಎರಡನೆಯ ಇಬ್ರಾಹಿಂ ಮಲಗಿರುವ ಜಾಗ. ಅಲ್ಲಿ ಮರುದನಿಯ ಆಟವಿಲ್ಲ, ಆದ್ದರಿಂದ ಜನರೂ ಕಡಿಮೆ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿದ್ದರೆ ಬಿಸಿರೊಟ್ಟಿ ಬರುತ್ತದೆ ಎಂದು ತಿಳಿದು ಕೂತುಕೊಳ್ಳಿ.